ಊರವರ ಓಟು ಕಾದೆ, ನನ್ನದೊಂದು ಬಿಟ್ಟು

ಚುನಾವಣೆ ಬಂತು ಅಂದ್ರೆ ಏನಾದ್ರೊಂದು ಎಡವಟ್ಟು ನಡೆದೇ ನಡೆಯುತ್ತೆ. ಬೇರೆ ಬೂತೇ ಇಲ್ಲವೇನೋ ಅನ್ನೋ ಹಾಗೆ ನಾನಿರೋ ಬೂತನ್ನೇ ಹುಡುಕಿಕೊಂಡು ಬರುತ್ತೆ. ನಾನು ಸಾಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಸರ್ವೀಸಿಗೆ ಸೇರಿದಾಗಿನಿಂದ ಬಂದ ಒಂದು ಚುನಾವಣೆಯೂ ನನ್ನನ್ನು ಬಿಟ್ಟಿಲ್ಲ. ಬೆನ್ನು ನೋವು ಅಂತ ಡಾಕ್ಟರ ಚೀಟಿ ಕೊಟ್ಟೆ, ಕೂತು ಮಾಡೋ ಕೆಲಸ ಅಂತ ಮತಗಟ್ಟೆಯ ಮುಖ್ಯ ಅಧಿಕಾರಿಯನ್ನೇ ಮಾಡಿದರು. ಆಮೇಲೆ ಬೇರೆಯವರಿಗೆ ತರಬೇತಿ ಕೊಡೋ ಕೆಲಸವನ್ನೂ ತಲೆಗೆ ಕಟ್ಟಿದರು.

ಇಷ್ಟೆಲ್ಲ ಮಾಡಿದ ನಾನು ಮಾತ್ರ ಒಂದು ಸಲವೂ ಓಟು ಹಾಕಿಲ್ಲ. ನನ್ನ ಹೆಸರಿರೋದು ರಿಪ್ಪನ್‌ಪೇಟೆ ಹತ್ತಿರದ ನಮ್ಮೂರ ಪಟ್ಟಿಯಲ್ಲಿ, ಓಟಿನ ದಿನ ನಾನಿರೋದು ಯಾವುದೋ ಗುಡ್ಡದಾಚೆಯ ಶಾಲೆಯ ಬೂತಿನಲ್ಲಿ. ಡ್ಯೂಟಿಯವರಿಗೆ ಅಂಚೆ ಮತ ಇದೆ ಅಂತಾರೆ. ಪ್ರತಿ ಸಲ ಅರ್ಜಿ ಕೊಡ್ತಿದ್ದೆ, ಅದು ಎಲ್ಲಿಗೆ ಹೋಗ್ತಿತ್ತೋ ದೇವರೇ ಬಲ್ಲ. "ರಿಟೈರ್ ಆಗ್ಲಿ, ನಮ್ಮೂರ ಬೂತಲ್ಲಿ ಸಾಲಲ್ಲಿ ನಿಂತು ಒಂದು ಸಲ ಆ ಬಟನ್ ಒತ್ತಿ ಬರ್ತೀನಿ" ಅಂತ ಹೆಂಡತಿ ಹತ್ರ ಹೇಳ್ತಾನೇ ಇದ್ದೆ. ಜನ ಕಾಶಿಗೆ ಹೋಗ್ಬೇಕು ಅಂತಾರೆ, ನನಗಿದ್ದ ಆಸೆ ಇಷ್ಟೇ.

ಮೂರು ಮುಖ

ತೀರ್ಥಹಳ್ಳಿ ಕಡೆಯ ಒಂದು ಬೂತು. ಬೆಳಿಗ್ಗೆ ಬೆಳಿಗ್ಗೆಯೇ ಒಬ್ಬರು ಹಿರಿಯರು ಗುರುತಿನ ಚೀಟಿ ಹಿಡಿದು ಬಂದರು. ಚೀಟಿಯ ಫೋಟೋದಲ್ಲಿ ತಲೆ ತುಂಬ ಕೂದಲು, ದಪ್ಪ ಮೀಸೆ. ಎದುರಿಗೆ ನಿಂತವರಿಗೆ ಎರಡೂ ಇಲ್ಲ.

"ಯಜಮಾನ್ರೇ, ಇದು ನೀವೇನಾ?" ಅಂದೆ.

"ಆವಾಗ ನಾನೇ."

"ಈಗಿನದು ಏನಾದ್ರೂ ಇದ್ಯಾ?"

ಅವರು ಬೇಸರ ಮಾಡ್ಕೊಳ್ಳಲಿಲ್ಲ. ಜೇಬಿಂದ ಆಧಾರ್ ತೆಗೆದು ಕೊಟ್ಟರು. ಅದರಲ್ಲಿ ಅರ್ಧ ಮುಖ ಕಪ್ಪು, ಇನ್ನರ್ಧ ಬೆಳಕಿಗೆ ಬೆಳ್ಳಗಾಗಿ ಹೋಗಿದೆ. ಡ್ರೈವಿಂಗ್ ಲೈಸೆನ್ಸ್ ಕೊಟ್ಟರು. ಅದರಲ್ಲಿರೋ ಮನುಷ್ಯ ಇವೆರಡರಲ್ಲಿರೋ ಯಾರಿಗೂ ಸಂಬಂಧಿಕ ಅಂತಲೂ ಅನ್ನಿಸಲಿಲ್ಲ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದನ್ನೇ ನೋಡ್ತಾ ಕೂತೆ. ಹಿಂದೆ ಸಾಲು ಅಂಗಳ ದಾಟಿತ್ತು. ಪಕ್ಷದ ಏಜೆಂಟರು, "ಅವ್ರೇ ಸಾರ್, ನಮ್ಮೂರ ಬಸ್ಸಿನ ಹಳೇ ಕಂಡಕ್ಟ್ರು" ಅಂತ ಹೇಳ್ತಾನೇ ಇದ್ದರು.

ಕೊನೆಗೆ ಆ ಹಿರಿಯರಿಗೇ ನನ್ನ ಮೇಲೆ ಕನಿಕರ ಬಂತು. "ಸಾರ್, ಮೂರರಲ್ಲಿ ನಿಮಗೆ ಯಾವುದು ಸರಿ ಕಾಣ್ಸುತ್ತೋ ಅದನ್ನ ಇಟ್ಕಳ್ಳಿ. ನಂದೇನೂ ತಕರಾರಿಲ್ಲ" ಅಂದರು.

ಎರಡು ರೂಪಾಯಿ

ಬೂತಲ್ಲಿ ಒಂದು ನಿಯಮ ಇದೆ. ಬಂದವನು ಕಳ್ಳ ಓಟು ಹಾಕೋಕೆ ಬಂದಿದಾನೆ ಅಂತ ಏಜೆಂಟಿಗೆ ಅನುಮಾನ ಬಂದರೆ, ಎರಡು ರೂಪಾಯಿ ಕಟ್ಟಿ ತಕರಾರು ಹಾಕಬಹುದು. ಆಮೇಲೆ ನಾವು ವಿಚಾರಣೆ ಮಾಡಬೇಕು. ತರಬೇತಿಯಲ್ಲಿ ಇದನ್ನು ಹೇಳುವಾಗ ನಾನೇ ಆಕಳಿಸುತ್ತಿದ್ದೆ, ಯಾಕಂದ್ರೆ ಹಾಗೆ ಯಾರೂ ಹಾಕಲ್ಲ.

ಹೊಸನಗರ ತಾಲ್ಲೂಕಿನ ಒಂದು ಊರಲ್ಲಿ ಹಾಕಿದರು. ಐವತ್ತರ ಆಸುಪಾಸಿನ ಒಬ್ಬರು ಬಂದು ಚೀಟಿ ಕೊಟ್ಟರು. ಫೋಟೋ, ಹೆಸರು ಎಲ್ಲ ಸರಿ ಇತ್ತು. ಗೋಡೆ ಬದಿಯ ಬೆಂಚಿನಿಂದ ಒಬ್ಬ ಏಜೆಂಟ್ ಎದ್ದು ನಿಂತ. "ತಕರಾರಿದೆ ಸಾರ್. ಇವರು ಯಾರು ಅಂತ ನಂಗೊತ್ತಿಲ್ಲ."

ಇಬ್ಬರನ್ನೂ ನೋಡಿದೆ. ಅದೇ ಮೂಗು, ಅದೇ ಕಿವಿ, ನಿಲ್ಲುವಾಗ ಸೊಂಟದ ಮೇಲೆ ಕೈ ಇಡೋದೂ ಒಂದೇ ಥರ. ಬಂದವರ ತಂದೆ ಹೆಸರು ಕೇಳಿದೆ, ಹೇಳಿದರು. ಏಜೆಂಟಿನ ತಂದೆ ಹೆಸರು ಕೇಳಿದೆ, ಅದೇ ಹೆಸರು.

"ಒಂದೇ ಹೆಸರಿನೋರು ಊರಲ್ಲಿ ಎಷ್ಟೋ ಜನ ಇರ್ತಾರೆ" ಅಂದ ಏಜೆಂಟ್.

ಬೆಂಚಿನ ಮೇಲಿದ್ದ ಉಳಿದ ಏಜೆಂಟರು ತಲೆ ತಗ್ಗಿಸಿ ಕೂತಿದ್ದರು. ನನಗೆ ಸಾಕಾಗಿತ್ತು. "ಆಯ್ತಪ್ಪಾ, ಎರಡು ರೂಪಾಯಿ ಕಟ್ಟು" ಅಂದೆ. ಅವನ ಜೇಬಲ್ಲಿದ್ದದ್ದು ಐನೂರರ ಒಂದೇ ನೋಟು. ಫೋನ್ ಪೇ ಮಾಡ್ಲಾ ಅಂತ ಕೇಳಿದ. ಸರ್ಕಾರ ಅಷ್ಟು ಮುಂದುವರಿದಿಲ್ಲ ಅಂತ ಹೇಳ್ತಿದ್ದ ಹಾಗೇ, ತಕರಾರಿಗೆ ಸಿಕ್ಕಿದ ಆ ಮನುಷ್ಯ ಅಂಗಿ ಜೇಬಿಂದ ಎರಡು ರೂಪಾಯಿ ನಾಣ್ಯ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ತಗೊಳ್ಳಿ ಸಾರ್, ಅವರ ಲೆಕ್ಕಕ್ಕೆ ಹಾಕ್ಕಳ್ಳಿ. ಜಮೀನು ಪಾಲಿನ ಕೇಸು ನನ್ನ ಮೇಲೆ ಹಾಕಿ ಆರು ವರ್ಷ ಆಯ್ತು, ಇದನ್ನೂ ಅದಕ್ಕೇ ಸೇರಿಸ್ಕಳ್ಳಕ್ಕೆ ಹೇಳಿ."

ಒಬ್ಬನೇ ಮೂವರು

ಬ್ಯಾಕೋಡು ಕಡೆಯ ಹಿನ್ನೀರಿನ ಬದಿಯಲ್ಲಿ ಒಂದು ಸಣ್ಣ ಬೂತು. ಮೂರು ಪಕ್ಷಕ್ಕೆ ಮೂವರು ಏಜೆಂಟರು. ಒಬ್ಬರ ಮೇಲೊಬ್ಬರು ಕಣ್ಣಿಡಲಿ ಅಂತಲೇ ಅವರನ್ನು ಕೂರಿಸೋದು. ಮಧ್ಯಾಹ್ನ ಊಟದ ಹೊತ್ತಿಗೆ ಅವರಲ್ಲಿ ಇಬ್ಬರು ತಮ್ಮ ಪಟ್ಟಿಗಳನ್ನು ಮೂರನೆಯವನ ಕೈಗೆ ಕೊಟ್ಟು, "ನೋಡ್ಕಳಾ, ಉಂಡು ಬರ್ತೀವಿ" ಅಂತ ಹೊರಟೇಬಿಟ್ಟರು. ಇವನು ಮೂರೂ ಪಟ್ಟಿ ತೊಡೆ ಮೇಲೆ ಹರಡಿಕೊಂಡು, ಬಂದವರ ಹೆಸರಿಗೆ ಮೂರು ಕಡೆಯೂ ನಿಷ್ಠೆಯಿಂದ ಗೀಟು ಹಾಕ್ತಾ ಕೂತ.

"ನೀನು ಯಾವ ಪಕ್ಷದವನಪ್ಪಾ?" ಅಂತ ಕೇಳಿದೆ.

"ಮೆಂಬರ್ ಮೂರರಲ್ಲೂ ಇದೀನಿ ಸಾರ್."

"ಹಂಗೆಲ್ಲ ಆಗೋಕೆ ಬಿಡ್ತಾರಾ?"

"ಬಿಡೋದೇನು ಸಾರ್, ಸಾಗರದ ಬಸ್‌ಸ್ಟ್ಯಾಂಡಲ್ಲಿ ಅವರೇ ನಮ್ಮ ಫೋನ್ ಇಸ್ಕೊಂಡು ಮಿಸ್ ಕಾಲ್ ಕೊಟ್ಕಳ್ತಾರೆ. ಅಷ್ಟಕ್ಕೇ ಮೆಂಬರು."

"ಹಂಗಾದ್ರೆ ಓಟು?"

ಅವನು ಗೀಟು ಹಾಕೋದು ನಿಲ್ಲಿಸಿ ನನ್ನನ್ನೇ ನೋಡಿದ. "ಅದು ಒಂದೇ ಅಲ್ವಾ ಸಾರ್ ಕೊಟ್ಟಿರೋದು. ಅದಕ್ಕೇ ಹುಷಾರಾಗಿ ಇಟ್ಕಂಡಿದೀನಿ."

ಆ ದಿನ ವಾಪಸ್ ಬರುವಾಗ ಹಿನ್ನೀರು ದಾಟಿಸೋ ಲಾಂಚಿನಲ್ಲಿ ಮತಯಂತ್ರದ ಪೆಟ್ಟಿಗೆ ಪಕ್ಕ ಕೂತು ನನಗೆ ನಿಜಕ್ಕೂ ಹೊಟ್ಟೆ ಉರೀತು. ಮೂರು ಪಕ್ಷದ ಮೆಂಬರಿಗೂ ಒಂದು ಓಟಿದೆ. ನನಗೆ ಅದೂ ಇಲ್ಲ.

ಕೊನೆಗೂ ನಮ್ಮೂರ ಬೂತು

ಅಂತೂ ರಿಟೈರ್ ಆದೆ. ಆಮೇಲೆ ಬಂದ ಮೊದಲ ಚುನಾವಣೆಗೆ ಡ್ಯೂಟಿ ಆರ್ಡರ್ ಬರಲಿಲ್ಲ. ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕ್ಕೊಂಡೆ. "ಮದುವೇಲೂ ಇಷ್ಟು ತಲೆ ಬಾಚಿರ್ಲಿಲ್ಲ ನೀವು" ಅಂದಳು ಹೆಂಡತಿ. ಅವಳ ಹೆಸರು ಸಾಗರದ ಪಟ್ಟಿಯಲ್ಲೇ ಇದೆ. ನಾನೊಬ್ಬನೇ ಬಸ್ಸು ಹತ್ತಿದೆ. ನನ್ನ ಮತದಾರರ ಗುರುತಿನ ಚೀಟಿ ಮೊದಲಿನಿಂದಲೂ ಊರಲ್ಲಿ ತಮ್ಮನ ಮನೆ ಬೀರುವಿನಲ್ಲಿತ್ತು. ಅದನ್ನ ಹೋಗಿ ತರೋದೊಂದು ಕೆಲಸ ಯಾಕೆ ಅಂತ ಆಧಾರ್ ಇಟ್ಕೊಂಡಿದ್ದೆ.

ಊರ ಶಾಲೆ ಮುಟ್ಟುವಾಗ ಹನ್ನೊಂದು ದಾಟಿತ್ತು. ಸಾಲಲ್ಲಿ ನಿಂತೆ. ಮುಂದೆ ಹೋಗಿ ಅಂದವರಿಗೆಲ್ಲ ಬೇಡ ಅಂದೆ. ಒಳಗೆ ಹೋದೆ. ಮೊದಲ ಮೇಜಿನವರು ನನ್ನ ಹೆಸರು ಗಟ್ಟಿಯಾಗಿ ಓದಿದರು. ಏಜೆಂಟರ ಬೆಂಚಿನಲ್ಲಿ ಒಬ್ಬ ಮಾಡಿನ ಹಂಚು ನೋಡೋಕೆ ಶುರು ಮಾಡಿದ.

"ಸಾರ್, ಈ ಹೆಸರಿಗೆ ಓಟು ಆಗಿದೆ" ಅಂದರು ಮೇಜಿನವರು.

ಅಲ್ಲೇ ಇದ್ದ ಸಣ್ಣ ಮಕ್ಕಳ ಕುರ್ಚಿಯಲ್ಲಿ ಕೂತೆ. ಮತಗಟ್ಟೆ ಅಧಿಕಾರಿ ಎದ್ದು ಬಂದಳು. ನನ್ನ ತರಬೇತಿಯಲ್ಲೇ ಕೂತಿದ್ದ ಮೇಡಮ್ಮು. ಪಾಪ, ಅವಳ ಕಣ್ಣಲ್ಲೂ ನೀರು. "ಸಾರ್, ಇಂಥ ಸಂದರ್ಭದಲ್ಲಿ ಏನು ಮಾಡ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ರಿ. ಕಾಗದದ ಮತಪತ್ರ ಕೊಡ್ತೀನಿ, ಗುರುತು ಹಾಕಿ, ಲಕೋಟೆಗೆ ಹಾಕಿ ಇಡ್ತೀವಿ."

"ಅದನ್ನ ಎಣಿಸಲ್ಲ ಅಂತಲೂ ನಾನೇ ಹೇಳ್ಕೊಟ್ಟಿದ್ದೆ" ಅಂದೆ.

"ಕೋರ್ಟ್ ಹೇಳಿದ್ರೆ ಎಣಿಸ್ತಾರೆ ಸಾರ್" ಅಂತ ಸಮಾಧಾನ ಮಾಡಿದಳು. ಆಮೇಲೆ ರಿಜಿಸ್ಟರ್ ತಿರುಗಿಸಿ, ಬೆಳಿಗ್ಗೆ ನನ್ನ ಹೆಸರಿನ ಮುಂದೆ ಬಿದ್ದಿದ್ದ ಸಹಿ ತೋರಿಸಿದಳು. "ಇದು ಯಾರ ಕೈಬರಹ ಅಂತ ಗೊತ್ತಾಗುತ್ತಾ ಸಾರ್? ಗೊತ್ತಾದ್ರೆ ಪೊಲೀಸರಿಗೆ ಹೇಳ್ತೀನಿ."

ನೋಡಿದ ತಕ್ಷಣ ಗೊತ್ತಾಯಿತು. ಆ ಕೈಗೆ ಅಕ್ಷರ ತಿದ್ದಿಸಿದವನೇ ನಾನು. ಹೊಸನಗರದ ಆ ಏಜೆಂಟ್ ನೆನಪಾದ.

"ಇವರು ಯಾರು ಅಂತ ನಂಗೊತ್ತಿಲ್ಲ" ಅಂದೆ.

ಎಣಿಸದ ಓಟು ಹಾಕಿ, ಬೆರಳಿಗೆ ಮಸಿ ಹಚ್ಚಿಸ್ಕೊಂಡು ಸೀದಾ ತಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದ. ನನ್ನನ್ನು ಕಂಡದ್ದೇ ಎಡಗೈಯನ್ನು ಟವೆಲ್ ಒಳಗೆ ಹಾಕ್ಕೊಂಡ. ನಮ್ಮಿಬ್ಬರದೂ ಒಂದೇ ಅಚ್ಚಿನ ಮುಖ, ಅವನಿಗೆ ನನ್ನ ಚೀಟಿಯ ಫೋಟೋ ನನಗಿಂತ ಚೆನ್ನಾಗಿ ಹೊಂದುತ್ತೆ.

"ನನ್ನ ಓಟು ನೀನು ಹಾಕಿದ್ಯೇನೋ?"

"ಹೂಂ ಅಣ್ಣ. ಯಾವಾಗ್ಲೂ ನಾನೇ ಅಲ್ವಾ ಹಾಕೋದು. ನೀನು ರಿಟೈರ್ ಆಗಿದ್ದು ಮರ್ತೇ ಹೋಯ್ತು ನೋಡು."

"ಯಾವಾಗ್ಲೂ?"

"ಮತ್ತೆ? ನೀನು ಡ್ಯೂಟಿಗೆ ಹೋಗ್ತಿದ್ದೆ, ನಿಂದು ಸುಮ್ನೆ ಹಾಳಾಗ್ತಿತ್ತು. ಕೆಳಮನೇಲಿ ನನ್ನ ಹೆಸರಿನೋನೇ ಒಬ್ಬ ಸತ್ತಾಗ ಪಟ್ಟಿಯಿಂದ ತೆಗೆದಿದ್ದು ನನ್ನ ಹೆಸರನ್ನ. ಅವನ ಹೆಸರು ಇನ್ನೂ ಅಲ್ಲೇ ಇದೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಯ್ತು. ಸತ್ತೋನ ಓಟು ಹಾಕೋದು ತಪ್ಪು ಅಂತ ನಿಂದು ಹಾಕ್ದೆ."

ಒಳಗಿಂದ ಅವನ ಹೆಂಡತಿ ಕಾಫಿ ತಂದಿಟ್ಟು ಏನೂ ಗೊತ್ತಿಲ್ಲದವಳ ಹಾಗೆ ಹೋದಳು. ಕಾಫಿ ಕುಡಿದೆ. ಇಷ್ಟು ವರ್ಷ ನನ್ನ ಹೆಸರಲ್ಲಿ ಯಾರ್ಯಾರು ಗೆದ್ದರು, ಯಾರ್ಯಾರು ಸೋತರು ಅನ್ನೋ ಯೋಚನೆ ಹತ್ತಿತು.

"ಹೋಗ್ಲಿ ಬಿಡು" ಅಂದೆ. "ನನ್ನ ಓಟು ಯಾರಿಗೆ ಹೋಯ್ತು ಅಂತಾದ್ರೂ ಹೇಳು."

ತಮ್ಮ ಆಚೆ ಈಚೆ ನೋಡಿದ. ನನ್ನ ಹತ್ತಿರಕ್ಕೆ ಸರಿದ. ಅವನ ಮುಖದಲ್ಲಿ ನಿಜವಾದ ಸಂಕಟ ಇತ್ತು.

"ಅದೊಂದು ಕೇಳ್ಬೇಡ ಅಣ್ಣ. ಯಾರಿಗೆ ಹಾಕ್ದೆ ಅಂತ ಹೆತ್ತ ಅಪ್ಪ ಕೇಳಿದ್ರೂ ಹೇಳ್ಬಾರ್ದು, ಅದು ಕಾನೂನು ಅಂತ ನೀನೇ ಅಲ್ವಾ ನಂಗೆ ಹೇಳ್ಕೊಟ್ಟಿದ್ದು."