ದುಂಡಪ್ಪನು ತೊಗಲ ಹೊದಿಕೆಗೆ ಫೋಮು ಹಚ್ಚಿದ ಪರಾಕ್ರಮ

ಹರಿದುದನ್ನು ಕೂಡಿಸುವವನೂ ಕೂಡಿದುದನ್ನು ಹರಿಯುವವನೂ ಆದ ಶಿವನೇ, ಅಂಟಿಗೆ ತಾಳ್ಮೆಯನ್ನೂ ಗಂಡಸಿಗೆ ಅವಸರವನ್ನೂ ಒಂದೇ ಕೈಯಿಂದ ಹಂಚಿದ ಮಹಾದೇವನೇ, ನನ್ನ ನಾಲಗೆಯ ಮೇಲೆ ತುಸು ಹೊತ್ತು ಕುಳಿತು ಈ ಕಥೆಯನ್ನು ದಡ ಸೇರಿಸು. ಕೇಳುವವರು ಎಲೆ ಅಡಿಕೆ ಹಾಕಿಕೊಂಡೇ ಕೇಳಲಿ.

ಕುದುರೆಗಳು ಮುದಿಯಾಗಿ ಮದುಮಕ್ಕಳು ಮೋಟಾರು ಏರತೊಡಗಿದ ಕಲಿಯುಗದಲ್ಲಿ, ಬೆಟಗೇರಿಯೆಂಬ ಮಗ್ಗಶಬ್ದಮುಖರಿತ ಪಟ್ಟಣದಲ್ಲಿ, ದಿಬ್ಬಣಧುರಂಧರನೂ ಗ್ರೀಸುಲಿಪ್ತಬಾಹುವೂ ಆದ ದುಂಡಪ್ಪನೆಂಬ ವೀರನಿದ್ದನು. ಅವನ ರಥವು ಟಾಪು ಮಡಚುವ ಕೆಂಪು ಕಾರು. ಮಡಚಿದ ಟಾಪು ಹಿಂದಿನ ಸೀಟಿನ ಬೆನ್ನಿಗೆ ಗಂಟಾಗಿ ಕೂರುತ್ತಿತ್ತು. ಅದರ ಮೇಲೆ ತೊಗಲಿನ ಹೊದಿಕೆಯನ್ನೆಳೆದು ಅಂಚಿನ ಟಿಚ್ ಬಟನ್ನುಗಳನ್ನು ಒತ್ತಿದರೆ ಸಿಂಹಾಸನ ಸಿದ್ಧ. ಊರ ಮದುಮಕ್ಕಳೆಲ್ಲ ಅದರ ಮೇಲೆ ಕುಳಿತೇ ಹನಮಪ್ಪನ ಗುಡಿಗೆ ಮೆರೆದು ಹೋಗಿದ್ದರು.

ಆದರೆ ಕಾಲವು ಯಾರನ್ನು ಬಿಟ್ಟಿದೆ. ಹೊದಿಕೆಯ ಒಳಮೈಗೆ ಅಂಟಿಸಿದ್ದ ಫೋಮು ಬಿಸಿಲಿಗೆ ಬೆಂದು, ಒಣಗಿದ ಹೂರಣದಂತೆ ಉದುರಿ, ಗಾಡಿ ಕುಲುಕಿದಾಗಲೆಲ್ಲ ಹೊಲಿಗೆಯ ಸಂದಿಗಳಿಂದ ಹಳದಿ ಪುಡಿಯಾಗಿ ಮೇಲೇಳುತ್ತಿತ್ತು. ಹಿಂದಿನ ಮದುವೆಯ ಮದುಮಗನು ಬಿಳಿ ಧೋತರದಲ್ಲಿ ಗುಡಿಯೆದುರು ಇಳಿದು ಬೆನ್ನು ತಿರುಗಿಸಿದಾಗ, ಅವನ ಹಿಂಭಾಗದ ದರ್ಶನದಿಂದ ಶಹನಾಯಿಯವನು ಊದುವುದನ್ನೇ ಮರೆತಿದ್ದನು.

ಈಗ ಒದಗಿದ್ದು ದುಂಡಪ್ಪನ ಹೆಂಡತಿ ನೀಲವ್ವನ ತಮ್ಮ ಮಲ್ಲೇಶಿಯ ಮದುವೆ. ಮೆರವಣಿಗೆಯ ದಿನ ಬೆಳಿಗ್ಗೆ ಅತ್ತೆ ತಿಪ್ಪವ್ವನು ಅಂಗಳಕ್ಕೆ ಬಂದು, ರಥವನ್ನು ಒಮ್ಮೆ, ಅಳಿಯನನ್ನು ಒಮ್ಮೆ ನೋಡಿದಳು.

"ಅಳಿಯಂದ್ರ, ಕುದುರಿಯವಂಗ ಹೇಳೇನಿ. ನನ್ನ ಮಗಾ ಹಳದಿ ಕುಂಡಿ ಮಾಡ್ಕೊಂಡು ಹನಮಪ್ಪನ ಮುಂದ ನಿಲ್ಲೂದು ಬ್ಯಾಡ."

ಮದುಮಗನ ಅಕ್ಕನು ಕಳಸ ಹಿಡಿದು ಅವನ ಪಕ್ಕದಲ್ಲಿ ಕೂರುವುದು ಅಲ್ಲಿಯ ವಾಡಿಕೆ. ಆ ಪದವಿಯ ನೀಲವ್ವನೂ ಒಳಗಿನಿಂದಲೇ ಬಾಣ ಬಿಟ್ಟಳು. "ನನ್ನ ಇಲಕಲ್ ಸೀರಿಗೆ ಒಂದ ಕಾಳು ಪುಡಿ ಹತ್ತಲಿ, ನಿಮ್ಮ ಗಾಡ್ಯಾಗ ಮತ್ತ ಕಾಲಿಡೂದಿಲ್ಲ ನೋಡ್ರಿ."

ಹೆಂಡತಿಯ ತವರಿನ ಮದುವೆಗೇ ಕುದುರೆ ಬಂದರೆ, ನಾಳೆ ಯಾವ ಮನೆಯವರು ತನ್ನ ಕಾರನ್ನು ಕರೆದಾರು? ದುಂಡಪ್ಪನು ಮೀಸೆಯ ಮೇಲೆ ಗ್ರೀಸಿನ ಬೆರಳಾಡಿಸಿ ಗರ್ಜಿಸಿದನು.

"ಕುದುರಿ ಬಂದ್ರ ಬರಲಿ ಅತ್ತಿ, ಹಿಂದ ನಡಕೋತ ಬರಲಿ. ಹೊತ್ತು ಮುಣುಗೂದ್ರೊಳಗ ಈ ತೊಗಲಿಗೆ ಹೊಸಾ ಫೋಮ್ ಹಚ್ಚಲಿಲ್ಲಂದ್ರ ನಾ ಸ್ಟೇರಿಂಗ್ ಮುಟ್ಟೂದಿಲ್ಲ. ನಿಮ್ಮ ಮಗಾ ಗಾದಿ ಮ್ಯಾಲ ಕುಂತಂಗ ಹೋಗ್ತಾನ."

"ತೆಳ್ಳಂದ ತರ್ರಿ," ಎಂದಳು ನೀಲವ್ವ. "ಬೆರಳಷ್ಟಿದ್ರ ಸಾಕು."

ವೀರರ ಕಿವಿಗೆ ಇಂಥವು ಬೀಳುವುದಿಲ್ಲ. ಹೊದಿಕೆಯನ್ನು ಕಿತ್ತು ಅಂಗಳದಲ್ಲಿ ಬೋರಲು ಹಾಕಿ, ನಾರಿನ ಬ್ರಷ್ಷಿನಿಂದ ಆ ಜೀರ್ಣದೈತ್ಯನನ್ನು ಉಜ್ಜಿದಾಗ ಎದ್ದ ಪೀತಧೂಲಿಯು ಸೂರ್ಯನನ್ನು ಮುಸುಕಿತು. ಹಿತ್ತಲ ಕೋಳಿಗಳು ಸಂಜೆಯಾಯಿತೆಂದು ಗೂಡು ಸೇರಿದವು. ಧೂಳು ಇಳಿದಾಗ ಅಲ್ಲಿ ನಿಂತವನು ದುಂಡಪ್ಪನೋ, ಅರಿಸಿನದ ಭಂಡಾರದಲ್ಲಿ ಮಿಂದ ಗೊರವನೋ ತಿಳಿಯದಾಯಿತು.

ಅಂಗಡಿಯಲ್ಲಿ ಬೆರಳು ದಪ್ಪದ ಫೋಮು ಬಡವನಂತೆ ಮೂಲೆಗೊರಗಿತ್ತು. ಅದರ ಪಕ್ಕದಲ್ಲಿ ಗೇಣುದಪ್ಪದ ಮಹಾಫೋಮು ಮಠಾಧಿಪತಿಯಂತೆ ಪವಡಿಸಿತ್ತು. ಸ್ವಂತ ಮೈದುನನಿಗೆ ತೆಳ್ಳನೆಯದೇ? ಔದಾರ್ಯಸಾಗರನಾದ ದುಂಡಪ್ಪನು ಮಹಾಫೋಮನ್ನೇ ತಲೆಯ ಮೇಲೆ ಹೊತ್ತು ತಂದನು. ತೊಗಲಿಗೂ ಫೋಮಿಗೂ ಸೊಲ್ಯೂಷನ್ ಬಳಿದು, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕೈಕಟ್ಟಿ ಕುಳಿತನು. ಅವನ ಬಾಳಿನ ಏಕೈಕ ತಪಸ್ಸು ಅದು. ಬಳಿಕ ಎರಡನ್ನೂ ಕೂಡಿಸಿ, ಹೆಂಡತಿಯ ಲಟ್ಟಣಿಗೆಯಿಂದ ನಡುವಿನಿಂದ ಅಂಚಿಗೆ ಒತ್ತಿದನು. ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ.

ಹೊದಿಕೆಯನ್ನು ರಥಕ್ಕೇರಿಸಿದಾಗ ಬಟನ್ನುಗಳು ತಮ್ಮ ಜೊತೆಗಾರರನ್ನು ದೂರದಿಂದ ನೋಡಿದವು, ಮುಟ್ಟಲಿಲ್ಲ. ವೀರನು ಎಳೆದನು. ಮೊಣಕಾಲೂರಿ ಎಳೆದನು. ಹಲ್ಲಿನಿಂದಲೂ ಎಳೆದನು. ಓಣಿಯ ತುದಿಯಲ್ಲಿ ಹಲಗೆ ಬಾರಿಸುವ ಸದ್ದು ಕೇಳಿಸಿತು. ಅದರ ಹಿಂದೆ ಕುದುರೆಯ ಗೆಜ್ಜೆ.

ಕಳಸ ಹಿಡಿದು ಹೊರಬಂದ ನೀಲವ್ವನು ಗಂಡನ ಹಳದಿ ಮುಖವನ್ನು ನೋಡಿದಳು. ಕಾರು ಹತ್ತಿ ಸಿಂಹಾಸನದ ಮೇಲೆ ಕುಳಿತಳು. ಮಹಾಫೋಮು ನಿಟ್ಟುಸಿರು ಬಿಟ್ಟು ಕುಗ್ಗಿತು. ದುಂಡಪ್ಪನು ಟಿಚ್ ಟಿಚ್ಚೆಂದು ಅವಳ ಕಡೆಯ ಬಟನ್ನುಗಳನ್ನೊತ್ತಿದನು. ಮಲ್ಲೇಶಿ ಬಂದು ಕುಳಿತಾಗ ಉಳಿದವೂ ಕೂಡಿದವು.

"ಇಬ್ರೂ ಅಲುಗಾಡಬ್ಯಾಡ್ರಿ," ಎಂದು ವೀರನು ಪಿಸುಗುಟ್ಟಿದನು.

"ಗುಡಿ ಮುಂದ ಇಳೀಬೇಕಲ್ಲ ಮಾಮಾ?"

"ಅಲ್ಲಿ ಹನಮಪ್ಪ ಅದಾನ."

ಮೆರವಣಿಗೆಯ ವೈಭವವನ್ನು ಏನೆಂದು ಬಣ್ಣಿಸಲಿ. ಅಕ್ಕತಮ್ಮಂದಿರು ಕಲ್ಲಿನ ಮೂರ್ತಿಗಳಂತೆ ಕುಳಿತಿದ್ದರು. ಕುದುರೆಯು ಮಾತಿನಂತೆ ಬರಿಬೆನ್ನಿನಲ್ಲಿ ಹಿಂದೆ ನಡೆದು ಬಂತು. ಗುಡಿ ಬಂತು. ಮಲ್ಲೇಶಿ ಎದ್ದನು: ಟಪ್, ಟಪ್. ನೀಲವ್ವನು ಎದ್ದಳು: ಟಪಟಪಟಪ. ಹೊದಿಕೆಯು ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿ ನಿಂತಿತು. ಹಲಗೆ ನಿಂತಿತು. ಎಲ್ಲರ ದೃಷ್ಟಿಯೂ ಮೊದಲು ಮದುಮಗನ ಹಿಂಭಾಗಕ್ಕೆ ಹೋಯಿತು. ಅದು ಮಲ್ಲಿಗೆಯಷ್ಟು ಬೆಳ್ಳಗಿತ್ತು.

ತಿಪ್ಪವ್ವನು ಮುಂದೆ ಬಂದು, ಬಗಲಲ್ಲಿದ್ದ ಕರಿಕಂಬಳಿಯನ್ನು ಕೊಡವಿ ಆ ಉಬ್ಬಿನ ಮೇಲೆ ಹಾಸಿದಳು. ತೊಗಲು, ಫೋಮು, ಬಟನ್ನು ಯಾವುದೂ ಕಾಣದಾಯಿತು.

"ಮದುಮಗನ್ನ ಕಂಬಳಿ ಹಾಸಲಾರದ ಯಾರರೆ ಕುಂದರಸ್ತಾರೇನ್ರಿ? ಮನೀಂದ ಹೊತ್ಕೊಂಡ ಬಂದೇನಿ, ಒಬ್ರರೆ ಕೇಳಬೇಕಲ್ಲ."

ದುಂಡಪ್ಪನು ಕಂಬಳಿಯನ್ನು ಮುಟ್ಟಿ ನೋಡಿದನು. ದಪ್ಪ ನೇಯ್ಗೆ; ಒಂದು ಕಾಳು ಪುಡಿಯೂ ದಾಟುವಂತಿರಲಿಲ್ಲ.

"ಅತ್ತಿ, ಇಂಥಾದನ್ನ ಹಿಂದಿನ ಮದವಿಗೇ ಹಾಸಿದ್ರ..."

"ಹಾಸಿದ್ರ ಹಳೇ ಫೋಮೇ ಸಾಕಾಗ್ತಿತ್ತು," ಎಂದು ತಿಪ್ಪವ್ವನು ಕುದುರೆಯವನಿಗೆ ಹೋಗೆಂದು ಕೈ ಮಾಡಿ, ಕಾರಿನ ಮುಂದಿನ ಸೀಟಿನಲ್ಲಿ ಕುಳಿತಳು.

ಜಗದೇಕವೀರನು ಕಿವಿಯಲ್ಲಿದ್ದ ಹಳದಿ ಪುಡಿಯನ್ನು ಕಿರುಬೆರಳಿನಿಂದ ತೆಗೆಯುತ್ತ ಸ್ಟೇರಿಂಗ್ ಹಿಡಿದನು. ನಮಸ್ಕಾರ ಮುಗಿಸಿ ಬಂದ ನೀಲವ್ವ ಕಂಬಳಿಯ ಮೇಲೆ ಕುಳಿತು, ಕಳಸ ಸರಿಮಾಡಿಕೊಂಡು, ಅವನ ಬೆನ್ನಿಗೆ ಕೇಳುವಷ್ಟೇ ಮೆಲ್ಲಗೆ ಅಂದಳು:

"ಬೆರಳಷ್ಟ ತರ್ರಿ ಅಂದಿದ್ದೆ."