ಕೀ ಸಾಲಿನ ಕೊನೆಯ ಹೆಸರು

ನಕ್ಷೆ ಕಚೇರಿಯ ಕಡತದ ಗುಮಾಸ್ತನ ಹೆಂಡತಿ ಸೋಮವಾರದಿಂದ ಕೆಲಸಕ್ಕೆ ಮರಳಬೇಕಿತ್ತು. ಎಂಟು ತಿಂಗಳ ಮಗಳನ್ನು ನೋಡಿಕೊಂಡು ಗುಮಾಸ್ತ ಮನೆಯಿಂದಲೇ ಕೆಲಸ ಮಾಡುವುದೆಂದು ಗಂಡಹೆಂಡಿರ ಒಪ್ಪಂದ. ಮೇಲಧಿಕಾರಿಯೂ ಹೂಂ ಅಂದಿದ್ದರು. ಆದರೆ ಶುಕ್ರವಾರ ಸಂಜೆ ಐದರೊಳಗೆ ಕಂಪ್ಯೂಟರ್ ವಿಭಾಗದವರು ಅವನ ಎಸ್‌ಎಸ್‌ಎಚ್ ಪಬ್ಲಿಕ್ ಕೀಯನ್ನು, ಅಂದರೆ ಮನೆಯಿಂದ ಕಚೇರಿಯ ಕಂಪ್ಯೂಟರ್ ತೆರೆಯಲು ಬೇಕಾದ ಗುರುತನ್ನು, ಒಪ್ಪಬೇಕು, ಇಲ್ಲದಿದ್ದರೆ ಮನೆಯ ಮಾತೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಕಚೇರಿಯಲ್ಲಿ ಗುಮಾಸ್ತ ಮನೆಯಿಂದ ತಂದ ಲ್ಯಾಪ್‌ಟಾಪಿನಲ್ಲಿ ಆ ಕೀಯಿದ್ದ ಫೈಲ್ ತೆರೆದ. ಇದ್ದದ್ದು ಅರ್ಥವಿಲ್ಲದ ಅಕ್ಷರಗಳ ಒಂದೇ ಸಾಲು, ಹನುಮಂತನ ಬಾಲದಷ್ಟು ಉದ್ದ. ಮಗಳು ಕೀಬೋರ್ಡ್ ಮೇಲೆ ಅಂಬೆಗಾಲಿಟ್ಟಿದ್ದಾಳೆಂದೇ ಅವನು ಮೊದಲು ತಿಳಿದ.

"ಕೀ ಅಂದ್ಮೇಲೆ ಪೂರ್ತಿ ಯಾರಿಗಾದ್ರೂ ಕೊಡ್ತಾರೇನಯ್ಯ?" ಎಂದರು ಪಕ್ಕದ ಮೇಜಿನ ಹೆಡ್‌ಕ್ಲಾರ್ಕ್.

ಗುಮಾಸ್ತ ಹೆದರಿ ಅರ್ಧ ಸಾಲು ಕಳಿಸಿದ. ಅದು ತಿರಸ್ಕಾರವಾಯಿತು. ಟೈಪಿಸ್ಟ್ ಅಕ್ಕ ಕನಿಕರಪಟ್ಟು, ಅಂಚು ಬಿಟ್ಟು, ಐದು ಅಂದವಾದ ಸಾಲುಗಳಾಗಿ ಮುರಿದುಕೊಟ್ಟರು. ಅದೂ ತಿರಸ್ಕಾರವಾಯಿತು. ಮೂರು ಗಂಟೆಗೆ ಕಂಪ್ಯೂಟರ್ ವಿಭಾಗದ ಮೇಡಂ ತಾವೇ ಫೋನ್ ಮಾಡಿದರು.

"ಸರ್, ಒಂದೇ ಸಾಲಲ್ಲಿರ್ಬೇಕು. ಮೂರು ಭಾಗ. ಮೊದಲನೇದು ಕೀ ಯಾವ ಬಗೆಯದು ಅಂತ. ನಡುವೆ ಇರೋ ಉದ್ದದ್ದೇ ಕೀ. ಕೊನೇದು ಬರೀ ಚೀಟಿ, ಯಾರದು ಅಂತ ನಮಗೆ ಗೊತ್ತಾಗ್ಲಿ ಅಂತ ಹೆಸರು ಹಾಕೋದು. ಇದರ ಜೋಡಿ ಇನ್ನೊಂದು ಗುಟ್ಟಿನ ಕೀ ನಿಮ್ಮ ಕಂಪ್ಯೂಟರಲ್ಲಿದೆ. ಅದನ್ನ ಮಾತ್ರ ಯಾರಿಗೂ ಕೊಡ್ಬೇಡಿ."

ಮೂರೂವರೆಗೆ ಕೀ ಒಪ್ಪಿಗೆಯಾಯಿತು. ಗುಮಾಸ್ತನಿಗೆ ಸಂತೋಷದಿಂದ ಕಣ್ಣು ತುಂಬಿತು. ಸುದ್ದಿ ಹರಡಿ, ಮನೆಯಿಂದ ಕೆಲಸ ಮಾಡುವ ಆಸೆ ಕಚೇರಿಯ ಉಳಿದ ಎಂಟೂ ಜನಕ್ಕೆ ಒಟ್ಟಿಗೇ ಹುಟ್ಟಿತು. ಆ ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಯಾರೂ ಹೊಸದಾಗಿ ಅರ್ಜಿ ಬರೆದವರಲ್ಲ. ಪಾಸಾದ ಅರ್ಜಿಯೊಂದನ್ನು ಹಿಡಿದು ಹೆಸರು ಬದಲಾಯಿಸುವುದೇ ಪದ್ಧತಿ.

"ನಿನ್ನದು ಪಾಸಾಯ್ತಲ್ಲ, ಒಂದು ಪ್ರತಿ ಕೊಡಯ್ಯ," ಎಂದರು ಹೆಡ್‌ಕ್ಲಾರ್ಕ್.

ಗುಮಾಸ್ತ ಮೇಷ್ಟರ ಗತ್ತಿನಲ್ಲಿ ಎಲ್ಲರಿಗೂ ಕೊಟ್ಟ. "ಮೊದಲೆರಡು ಭಾಗ ಮುಟ್ಬೇಡಿ. ಕೊನೇಲಿ ನಿಮ್ಮ ನಿಮ್ಮ ಹೆಸರು ಹಾಕಿ, ಸಾಕು."

ಐದಕ್ಕೆ ಕಾಲು ಗಂಟೆ ಇರುವಾಗ ಮತ್ತೆ ಫೋನ್ ಬಂತು.

"ಸರ್, ನಿಮ್ಮ ಒಂದೇ ಕೀ ಒಂಬತ್ತು ಜನರ ಹೆಸರಲ್ಲಿ ಬಂದಿದೆ. ಗುಟ್ಟಿನದನ್ನೂ ಹೀಗೇ ಹಂಚಿದೀರೋ ಏನೋ. ಇವತ್ತಿಗೆ ನಿಮ್ಮದನ್ನ ರದ್ದು ಮಾಡಿದೀವಿ."

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹೆಂಡತಿ ಆಗಾಗ ಹೇಳುತ್ತಿದ್ದುದು ಗುಮಾಸ್ತನಿಗೆ ನೆನಪಾಯಿತು. ಮೇಲಧಿಕಾರಿಯ ಬಳಿಗೆ ಓಡಿ, ಮೂರು ಭಾಗಗಳನ್ನೂ ವಿವರಿಸಿ, ತಪ್ಪೊಪ್ಪಿಕೊಂಡ. ಅವರು ಮೆಚ್ಚಿ ತಲೆದೂಗಿದರು.

"ಇಷ್ಟು ತಿಳಿದೋರು ಇಲ್ಲಿ ನೀವೊಬ್ಬರೇ. ಎಂಟು ಜನಕ್ಕೂ ಬೇರೆ ಬೇರೆ ಕೀ ಮಾಡಿಕೊಡಿ, ಸೋಮವಾರದಿಂದ ಅವರು ಮನೇಲಿ ಕೆಲಸ ಮಾಡ್ಲಿ. ಅವರಿಗೆ ತೊಡಕಾದ್ರೆ ಫೋನ್ ಎತ್ತೋಕೆ ಕಚೇರೀಲಿ ಒಬ್ಬರು ಬೇಕಲ್ಲ, ನೀವಿರಿ."

ಗುಮಾಸ್ತ ಜೋಲುಮೋರೆ ಹಾಕಿಕೊಂಡು ಹೊರಬಂದ. ಹೆಡ್‌ಕ್ಲಾರ್ಕ್ ಪ್ರೀತಿಯಿಂದ ಅವನ ಬೆನ್ನು ತಟ್ಟಿದರು.

"ತಲೆ ಕೆಡಿಸ್ಕೋಬೇಡಯ್ಯ. ನಾನು ಹೇಗೂ ಇನ್ಮೇಲೆ ಮನೇಲೇ ಇರ್ತೀನಿ. ಆಫೀಸಿಗೆ ಹೋಗುವಾಗ ಮಗೂನ ನಮ್ಮನೇಲಿ ಬಿಟ್ಟು ಹೋಗು."