ಬೀಳುವ ಹಲ್ಲೆಂದು ಕಾದದ್ದು

ಕೆಟ್ಟ ಸುದ್ದಿ ನಮ್ಮ ಮನೆಗೆ ಯಾವಾಗಲೂ ನನ್ನ ಕೈ ಒದ್ದೆಯಿರುವಾಗಲೇ ಬರುತ್ತದೆ. ಅವತ್ತು ಗುರುವಾರ. ಮಾರನೆಯ ದಿನದ ಪೂಜೆಗೆಂದು ದೀಪದ ಕಂಬಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂತಿದ್ದೆ. ಫೋನು ಬಂತು. ಮಗಳು ಚಂದನಾಳ ಮೂರನೇ ಕ್ಲಾಸಿನ ಮೇಡಂ. “ಸ್ಕೂಲಿಗೆ ಹಲ್ಲಿನ ಡಾಕ್ಟ್ರು ಬಂದಿದ್ರು ಕಣಮ್ಮ. ನಿಮ್ಮ ಹುಡುಗೀದು ಕೆಳಗಿನ ದವಡೆ ಹಲ್ಲು ಹುಳುಕಾಗಿದೆಯಂತೆ. ಬೇಗ ತೋರಿಸ್ಬೇಕಂತೆ.” ಮಿಕ್ಕ ಮಕ್ಕಳದ್ದು ಹೇಗಿದೆ ಎಂದು ಕೇಳಿದೆ. “ಬಾಯಿ ಚೆನ್ನಾಗಿರೋ ಮಕ್ಕಳನ್ನ ಹುಡುಕ್ಬೇಕು ಬುಡಿ” ಎಂದರು. ಊರಿಗೆಲ್ಲ ಬಂದದ್ದೇ ನಮಗೂ ಬಂದಿದೆ ಎಂದು ತಿಳಿದಾಗ ಒಂದು ಸಮಾಧಾನವಾಗುತ್ತದಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ನಾನು ಅದನ್ನೇ ದೇವರ ದಯೆ ಎಂದುಕೊಂಡು ಉಜ್ಜುವುದನ್ನು ಮುಂದುವರಿಸಿದೆ.

ಅರಕೆರೆಯಲ್ಲಿ ಹುಟ್ಟಿದ ಮಗುವಿಗೆ ಸಿಹಿ ಬೇಡ ಎನ್ನುವುದಾದರೂ ಹೇಗೆ? ನಾಲೆಯ ಆಚೆಗೂ ಈಚೆಗೂ ಕಬ್ಬು. ಆಲೆಮನೆ ಕಡೆ ಹೋದ ಯಜಮಾನರು ಬಿಸಿ ಬೆಲ್ಲ ತರದೆ ಬಂದವರಲ್ಲ. ಅತ್ತೆ ಮಲಗಿಸುವಾಗ ಸಕ್ಕರೆ ಹಾಲು ಕುಡಿಸುತ್ತಾರೆ. ನಾನಂತೂ ಮಂಗಳಾರತಿ ಮುಗಿದೊಡನೆ ಅಂಗೈಗೆ ಕಲ್ಲುಸಕ್ಕರೆ ಇಡುವವಳು. ಪ್ರಸಾದದಿಂದ ಕೆಡುಕಾಗುತ್ತದೆಯೆ? ದೇವರೂ ದಿನಾ ಅದನ್ನೇ ತಿನ್ನುತ್ತಾನೆ, ಒಂದು ದಿನವೂ ಕೆನ್ನೆ ಹಿಡಿದುಕೊಂಡು ಕೂತವನಲ್ಲ. ಅವನ ಹಲ್ಲು ಕಲ್ಲಿನದು ಎನ್ನುವುದು ನನಗೆ ತೋಚಬೇಕಿತ್ತು.

ಅತ್ತೆ ಮೊಮ್ಮಗಳ ಬಾಯಿಗೆ ಟಾರ್ಚು ಬಿಟ್ಟು ನೋಡಿ, ಹಾಲುಹಲ್ಲೆಂದು ತೀರ್ಪು ಕೊಟ್ಟರು. “ಆಲಲ್ಲು ಕಣಮ್ಮಿ. ಉದುರೋಗೋದುಕ್ಕೆ ಡಾಕ್ಟ್ರು ಯಾಕೆ?” ಯಜಮಾನರು, “ಕಬ್ಬು ಕಡಿಯಾಕೆ ಆಳು ಬತ್ತಾವ್ರೆ. ಆಮೇಲೆ ನೋಡನ ತಗೊ” ಎಂದರು. ನಾನೂ ತಲೆಯಾಡಿಸಿದೆ. ಎಂಟು ವರ್ಷದ ಹುಡುಗಿ. ಮುಂದಿನ ಹಲ್ಲು ಬಿದ್ದು ಹೊಸದು ಬಂದಿರುವಾಗ ಹಿಂದಿನದೂ ಹಾಗೇ ತಾನೆ? ನೋವು ಅಂದಾಗ ಲವಂಗ ಇಟ್ಟೆ. ಈ ಹಲ್ಲು ಬೇಗ ಬಿದ್ದುಹೋಗಲಿ ಎಂದು ಮನೆದೇವರಿಗೆ ಹರಕೆ ಕಟ್ಟಿಕೊಂಡೆ.

ಕಬ್ಬು ಕಡಿದು ಮುಗಿಯುವ ಮೊದಲೇ ಅವಳ ಕೆನ್ನೆ ಊದಿ, ನೀರು ಗುಟುಕರಿಸುವುದಕ್ಕೂ ಆಗದಂತಾಯಿತು. ಶ್ರೀರಂಗಪಟ್ಟಣದ ಬಸ್ಸು ಹತ್ತಿದೆವು. ಅಲ್ಲಿನ ಹಲ್ಲಿನ ಡಾಕ್ಟರಮ್ಮ ಬಾಯೊಳಗೆ ಕನ್ನಡಿ ಇಟ್ಟು ನೋಡಿದರು. ಆಮೇಲೆ, “ಇದು ಹಾಲುಹಲ್ಲಲ್ಲಮ್ಮ. ಆರು ವರ್ಷದ ಹೊತ್ತಿಗೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲಿನ ಹಿಂದುಗಡೆ ಹೊಸದಾಗಿ ಬರುತ್ತೆ. ಅದಕ್ಕೇ ಮನೇವ್ರಿಗೆ ಗೊತ್ತಾಗಲ್ಲ. ಸಾಯೋತನಕ ಇರಬೇಕಾದ ಹಲ್ಲು ಇದು” ಎಂದರು. ಉಳಿಸಬಹುದೇ ಎಂದೆ. “ಸ್ಕೂಲಲ್ಲಿ ಹೇಳ್ದಾಗ್ಲೇ ಬಂದಿದ್ರೆ ತೂತು ತುಂಬಬಹುದಿತ್ತು. ಈಗ ಕೀಳೋದೇ.” ದೇವರು ನನ್ನ ಹರಕೆಯನ್ನು ಇಷ್ಟು ಚಾಚೂ ತಪ್ಪದೆ ನಡೆಸಿಕೊಟ್ಟದ್ದು ಅದೇ ಮೊದಲು.

ಕಿತ್ತ ಹಲ್ಲನ್ನು ಚಂದನಾ ಕಾಗದದಲ್ಲಿ ಸುತ್ತಿಸಿಕೊಂಡು ತಂದಳು. ನಮ್ಮ ಕಡೆ, ಬಿದ್ದ ಹಲ್ಲನ್ನು ಸಗಣಿಯಲ್ಲಿ ಹುದುಗಿಸಿ ಮನೆಯ ಮೇಲಕ್ಕೆ ಎಸೆಯುತ್ತಾರೆ, ಹೊಸದು ಚೆನ್ನಾಗಿ ಬರಲಿ ಎಂದು. ಅತ್ತೆ ಕೊಟ್ಟಿಗೆಗೆ ಹೋಗಿ ಒಂದು ಉಂಡೆ ಸಗಣಿ ಹಿಡಿದು ಬಂದರು.

“ಅಮ್ಮ, ಇದ್ನ ಎಸುದ್ರೆ ಇನ್ನೊಂದು ಬತ್ತದಾ?”

“ಇಲ್ಲ ಮಗ. ಇದು ಬರಾಕಿಲ್ಲ.”

“ಮತ್ಯಾಕೆ ಎಸೀಬೇಕು?”

ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಕೈಯ ಸಗಣಿ ನೋಡಿದೆ. ಚಂದನಾ ಹಲ್ಲನ್ನು ನಲ್ಲಿಯಲ್ಲಿ ತೊಳೆದು ತನ್ನ ಪೆನ್ಸಿಲ್ ಡಬ್ಬಿಗೆ ಹಾಕಿಕೊಂಡು ಒಳಗೆ ಹೋದಳು.

ಅವಳ ಹೊಟ್ಟೆಗೇನಾದರೂ ಹಾಕಬೇಕಲ್ಲ. ಪುಣ್ಯಕ್ಕೆ ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅಷ್ಟರಮಟ್ಟಿಗೆ ದೇವರು ದೊಡ್ಡವನು. ಹಿಟ್ಟನ್ನು ಕೋಲಿನಲ್ಲಿ ಮೆತ್ತಗೆ ತೊಳಸಿ, ಆರಿಸಿ ಕೊಡೋಣವೆಂದು ಎಸರಿಗಿಟ್ಟೆ.